ಬಿಚ್ಚಿ ನೋಡಿದ ಗ್ರಾಫಿಕ್ಸ್ ಕಾರ್ಡ್

ಕಂಪ್ಯೂಟರ್ ಕೊಳ್ಳುವವರೆಲ್ಲ ಸುಳ್ಳು ಹೇಳಿಯೇ ಕೊಳ್ಳುತ್ತಾರೆ. ಓದಲಿಕ್ಕೆ ಅನ್ನುತ್ತಾರೆ, ಅರ್ಜಿ ತುಂಬಲಿಕ್ಕೆ ಅನ್ನುತ್ತಾರೆ, ತಂಗಿಯ ಪರೀಕ್ಷೆಗೆ ಅನ್ನುತ್ತಾರೆ. ನಾನು ಎಂಟನೆಯ ಇಯತ್ತೆಗೆ ಸಾಲಿ ಬಿಟ್ಟವನು, ನನಗೆ ತಂಗಿಯೂ ಇಲ್ಲ. ಹೀಗಾಗಿ ಆ ಸುಳ್ಳು ಹೇಳುವ ಅನುಕೂಲ ನನಗಿರಲಿಲ್ಲ. ನನಗೆ ಕಂಪ್ಯೂಟರ್ ಬೇಕಾಗಿದ್ದು ಆಟ ಆಡಲಿಕ್ಕೆ. ಅದರಲ್ಲೂ ಒಂದೇ ಆಟ, ಲಾರಿ ಓಡಿಸುವುದು. ಸಣ್ಣವನಿದ್ದಾಗ ಜಾಲಿಮುಳ್ಳು ಬಡಿದು ನನ್ನ ಎಡಗಣ್ಣು ಮಂಜಾಗಿದೆ. ಡ್ರೈವರ್ ಆಗಬೇಕೆಂದು ಕಣ್ಣಿನ ಚೀಟಿ ತರಲು ಕೊಪ್ಪಳಕ್ಕೆ ಹೋದಾಗ, ಡಾಕ್ಟರು ಬಲಗಣ್ಣು ಮುಚ್ಚಿಸಿ "ಗೋಡಿ ಮ್ಯಾಲಿನ ಅಕ್ಷರ ಓದು" ಅಂದರು. ನಾನು "ಗೋಡಿ ಯಾವ ಕಡಿ ಐತ್ರಿ?" ಅಂದೆ. ಅಲ್ಲಿಗೆ ನನ್ನ ಡ್ರೈವರ್‌ಗಿರಿ ಮುಗಿಯಿತು.

ಮತ್ತೆ ಅದು ಶುರುವಾದದ್ದು ಕುಷ್ಟಗಿಯಲ್ಲಿ. ಅಲ್ಲಿ ನನ್ನ ಗೆಳೆಯ ಶರಣು ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅಂಗಡಿಯ ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ಒಂದು ದಿನ ಅವನು ನನ್ನನ್ನು ಅದರ ಮುಂದೆ ಕೂಡಿಸಿ ಲಾರಿಯ ಆಟ ಹಚ್ಚಿದ. ಹದಿನಾಲ್ಕು ಗಾಲಿಯ ಲಾರಿ, ಹಿಮ ಬಿದ್ದ ಗುಡ್ಡದ ದಾರಿ, ಹಿಂದೆ ಕಟ್ಟಿಗೆಯ ಲೋಡು. ಶರಣುವಿನ ಕಂಪ್ಯೂಟರ್ ಮುದುಕ. ಚಿತ್ರ ನಿಂತು ನಿಂತು ಬರುತ್ತಿತ್ತು, ಎದುರಿನ ಬಸ್ಸು ಒಮ್ಮೆ ದೂರ ಇರುತ್ತಿತ್ತು, ಮರುಕ್ಷಣ ನನ್ನ ಮೈಮೇಲೇ ಇರುತ್ತಿತ್ತು. ಆದರೂ ಲಾರಿ ಓಡಿಸಿದೆ. ನಿನ್ನ ಕಣ್ಣು ಹೇಗಿದೆ ಎಂದು ಅಲ್ಲಿ ಯಾರೂ ಕೇಳಲಿಲ್ಲ. ನಮ್ಮೂರು ಬೇವೂರಿನಿಂದ ಕುಷ್ಟಗಿಗೆ ದಿನಾ ಕೆಲಸಕ್ಕೆ ಯಾರದೋ ಬೈಕಿನ ಹಿಂದೆ ಕುಳಿತು ಬರುವ ನನಗೆ, ಸ್ಟೇರಿಂಗು ಸಿಕ್ಕಿದ್ದು ಅದೇ ಮೊದಲು. ಚಿತ್ರ ನಿಲ್ಲದೆ ಓಡುವ ಒಂದು ಕಂಪ್ಯೂಟರ್ ನನ್ನದೇ ಇರಬೇಕು ಎಂದು ಆವತ್ತೇ ತಲೆಗೆ ಹೊಕ್ಕಿತು.

ನನ್ನ ಹತ್ತಿರ ಇದ್ದದ್ದು ಮೂವತ್ತೆಂಟು ಸಾವಿರ. ಮೂರು ವರ್ಷ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತಿ ಉಳಿಸಿದ್ದು. ಆದರೆ ಅದು ಇದ್ದದ್ದು ಅವ್ವನ ಟ್ರಂಕಿನಲ್ಲಿ, ಮತ್ತು ಅವ್ವನ ತಲೆಯಲ್ಲಿ ಅದು ಆಗಲೇ ಒಂದು ಎಮ್ಮೆಯಾಗಿತ್ತು. ಅದಕ್ಕೆ ಹೆಸರನ್ನೂ ಇಟ್ಟಿದ್ದಳು. ನಾನು ಕಂಪ್ಯೂಟರ್ ಎಂದಾಗ ಅವ್ವ ಕೂಗಾಡಲಿಲ್ಲ. ರೊಟ್ಟಿ ತಟ್ಟುತ್ತಲೇ ಕೇಳಿದಳು, "ಅದು ಹಾಲು ಕೊಡತೈತೇನು?"

"ಇಲ್ಲ."

"ಸಗಣಿ?"

"ಇಲ್ಲ ಬೇ."

"ಮತ್ತ ತಿನ್ನಾಕರ ಏನ್ ತಿಂತೈತಿ?"

"ಕರೆಂಟು."

"ಅಂದ್ರ ಬರೇ ತಿನ್ನೋದು. ನಿನ್ನಂಗ," ಅಂದಳು. ಆಮೇಲೆ ರೊಕ್ಕ ದುಡಿದವನು ನಾನೇ ಎಂಬುದನ್ನು ನೆನೆಸಿಕೊಂಡು ಒಂದು ಗಡುವು ಕೊಟ್ಟಳು. ಮಣ್ಣೆತ್ತಿನ ಅಮಾವಾಸ್ಯೆಯ ಒಳಗೆ ನನ್ನ ಪೆಟ್ಟಿಗೆ ಮನೆಗೆ ಬಂದು ಚಾಲೂ ಆಗಬೇಕು. ಆಗದಿದ್ದರೆ ಉಳಿದ ರೊಕ್ಕ ಅವಳದು, ಅವಳು ಏನು ತಂದರೂ ನಾನು ತುಟಿ ಬಿಚ್ಚುವ ಹಾಗಿಲ್ಲ. ಇಪ್ಪತ್ತೆರಡು ದಿನ ಇದ್ದವು. ಸಾಕಷ್ಟಾಯಿತು ಅಂದುಕೊಂಡೆ. ಇಪ್ಪತ್ತೆರಡು ದಿನದಲ್ಲಿ ಜನ ಮದುವೆ ಮಾಡಿ ಮುಗಿಸುತ್ತಾರೆ.

ಗೇಮ್ ಆಡುವ ಕಂಪ್ಯೂಟರನ್ನು ಇಡಿಯಾಗಿ ಕೊಳ್ಳಬಾರದು, ಬಿಡಿ ಸಾಮಾನು ಆರಿಸಿ ಕೂಡಿಸಬೇಕು ಅಂತ ಶರಣು ಹೇಳಿದ. ಪ್ರೊಸೆಸರ್ ಬೇರೆ, ಬೋರ್ಡ್ ಬೇರೆ, ಚಿತ್ರ ತೋರಿಸುವ ಗ್ರಾಫಿಕ್ಸ್ ಕಾರ್ಡ್ ಬೇರೆ, ಕರೆಂಟ್ ಹಂಚುವ ಡಬ್ಬಿ ಬೇರೆ. ಮೋಟಾರ್ ಬಿಚ್ಚಿ ಕೂಡಿಸುವವನಿಗೆ ಇದೇನು ದೊಡ್ಡದು ಎಂದು ನಾನು ಮೊಬೈಲಿನಲ್ಲಿ ವಿಡಿಯೋ ನೋಡತೊಡಗಿದೆ. ಅಲ್ಲಿ ನನ್ನ ಬಾಳು ಕೆಟ್ಟಿತು. ಆ ವಿಡಿಯೋ ಮಾಡುವವರಿಗೆಲ್ಲ ಒಂದೇ ಚಟ. ಒಂದು ಸಾಮಾನು ತೋರಿಸಿ ಹೊಗಳುತ್ತಾರೆ, ಕಡೆಗೆ "ಇನ್ನೆರಡು ಸಾವಿರ ಹಾಕಿದರೆ ಇದಕ್ಕಿಂತ ಎಷ್ಟೋ ಛಲೋದು ಬರುತ್ತದೆ" ಎನ್ನುತ್ತಾರೆ. ಎರಡು ಸಾವಿರ ಹಾಕಿ ಮುಂದಿನದಕ್ಕೆ ಹೋದರೆ ಅಲ್ಲಿಯೂ ಒಬ್ಬ ಕುಳಿತಿರುತ್ತಾನೆ, ಇನ್ನೆರಡು ಸಾವಿರ ಎನ್ನುತ್ತಾನೆ. ಹೀಗೆ ಮೆಟ್ಟಿಲು ಹತ್ತುತ್ತ ಹತ್ತುತ್ತ ಒಂದು ಮಧ್ಯಾಹ್ನ ನೋಡಿದರೆ ನನ್ನ ಪಟ್ಟಿ ಒಂದು ಲಕ್ಷ ದಾಟಿತ್ತು. ಗಾಬರಿಯಾಗಿ ಇಳಿಯತೊಡಗಿದೆ. ಇಳಿಯುವಾಗ ಎಲ್ಲಿ ನಿಲ್ಲಬೇಕೆಂದು ಯಾರೂ ಹೇಳುವುದಿಲ್ಲ. ಅದನ್ನು ಬಿಡು, ಇದನ್ನು ಬಿಡು ಎಂದು ಕತ್ತರಿಸಿ ಕತ್ತರಿಸಿ, ಕಡೆಗೆ ಲಾರಿಯ ಆಟವೇ ಓಡದಂಥ ಕಂಪ್ಯೂಟರಿಗೆ ಬಂದು ಮುಟ್ಟಿದೆ. ಅಂಥದ್ದು ಶರಣುವಿನ ಮೂಲೆಯಲ್ಲಿ ಆಗಲೇ ಇತ್ತು. ಇಷ್ಟರಲ್ಲಿ ಹದಿನಾರು ದಿನ ಹೋದವು.

"ಲೇ, ಹೆಣ್ಣು ನೋಡಾಕತ್ತೀಯೋ ಸಾಮಾನು ನೋಡಾಕತ್ತೀಯೋ?" ಅಂದ ಶರಣು. ಸಿಟ್ಟಿನಿಂದ ನನ್ನ ಕೈಯಿಂದ ಮೊಬೈಲ್ ಕಸಿದುಕೊಂಡು, ಒಂದು ಬಿಲ್ಲಿನ ಹಿಂಭಾಗದಲ್ಲಿ ತಾನೇ ಪಟ್ಟಿ ಬರೆದುಕೊಟ್ಟ. ಎಲ್ಲ ಸೇರಿ ಮೂವತ್ತೇಳೂವರೆ ಸಾವಿರ. ಮಾನಿಟರ್ ಮಾತ್ರ ಸೆಕೆಂಡ್ ಹ್ಯಾಂಡ್. "ಗಂಗಾವತಿಗೆ ಹೋಗು. ಈ ಚೀಟಿ ಕೊಡು. ರೊಕ್ಕ ಕೊಡು. ಸಾಮಾನು ತಗೊಂಡು ಬಾ. ಬಾಯಿ ತೆರಿಬ್ಯಾಡ." ಬಾಯಿಯ ಬಗ್ಗೆ ಹೇಳಿದ, ಕೈಯ ಬಗ್ಗೆ ಹೇಳಲಿಲ್ಲ.

ಕೈಯ ಬಗ್ಗೆ ಹೇಳಬೇಕೆಂದರೆ ನನ್ನ ಉಸ್ತಾದ್ ಖಾಜಾಸಾಬರ ಬಗ್ಗೆ ಹೇಳಬೇಕು. ಕುಷ್ಟಗಿಯಲ್ಲಿ ಅವರ ವೈಂಡಿಂಗ್ ಅಂಗಡಿಯಲ್ಲೇ ನಾನು ಕೆಲಸ ಮಾಡುವುದು. ಸುಟ್ಟ ಬೋರ್ ಮೋಟಾರುಗಳನ್ನು ಬಿಚ್ಚಿ ಹೊಸ ತಂತಿ ಸುತ್ತಿ ಕೊಡುತ್ತೇವೆ. ನಮ್ಮ ದಂಧೆಯಲ್ಲಿ ಒಂದು ಮೋಸ ಇದೆ. ಮೋಟಾರಿನ ಮೇಲೆ ತಾಮ್ರ ಎಂದು ಪ್ಲೇಟು ಬಡಿದಿರುತ್ತಾರೆ, ಒಳಗೆ ಬಣ್ಣ ಹಚ್ಚಿದ ಅಲ್ಯುಮಿನಿಯಂ ಸುತ್ತಿರುತ್ತಾರೆ. ಮೇಲೆ ನೋಡಿದರೆ ದೇವರಿಗೂ ತಿಳಿಯುವುದಿಲ್ಲ. ಅದಕ್ಕೆ ಉಸ್ತಾದರು ಕೆಲಸಕ್ಕೆ ಸೇರಿದ ಮೊದಲ ದಿನವೇ ಹೇಳುತ್ತಾರೆ, "ಬರೆದಿದ್ದು ನಂಬಬ್ಯಾಡ ಬೇಟಾ. ಬಿಚ್ಚು. ಬಿಚ್ಚಿ ಒಂದೀಟು ಕೆರದು ನೋಡು. ಆಮ್ಯಾಲೆ ಮಾತಾಡು." ಅಲ್ಲಿಂದ ನನಗೆ ಯಾವುದನ್ನು ಕಂಡರೂ ಬಿಚ್ಚಬೇಕು. ಬಸ್ಸಿನ ಸೀಟಿನ ಬೋಲ್ಟು, ಮದುವೆ ಮನೆಯ ಮಿಕ್ಸರು, ಯಾವುದನ್ನೂ ಬಿಟ್ಟಿಲ್ಲ. ಅಂಗಿಯ ಜೇಬಿನಲ್ಲಿ ಬೇರೆಯವರು ಪೆನ್ನು ಇಡುತ್ತಾರೆ, ನಾನು ಸ್ಕ್ರೂಡ್ರೈವರ್ ಇಡುತ್ತೇನೆ. ಪೆನ್ನಿನಿಂದ ನನಗೆ ಕೆಲಸವೂ ಕಡಿಮೆ.

ಗಂಗಾವತಿಯ ಆ ಅಂಗಡಿ ತಣ್ಣಗಿತ್ತು. ಮಾಲೀಕ ಒಳ್ಳೆಯ ಮನುಷ್ಯ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಕಡೆಯವನು, ಎಲ್ಲರಿಗೂ ಬ್ರದರ್ ಎನ್ನುತ್ತಿದ್ದ. ನನ್ನ ಚೀಟಿ ನೋಡಿ, "ಪಟ್ಟಿ ಕರೆಕ್ಟಾಗಿ ಐತಿ ಬ್ರದರ್, ಬರೆದೋರು ತಿಳಿದೋರು" ಅಂದ. ಸಾಮಾನು ಒಂದೊಂದಾಗಿ ತಂದು ಮೇಜಿನ ಮೇಲೆ ಇಟ್ಟ. ನನ್ನ ಗ್ರಾಫಿಕ್ಸ್ ಕಾರ್ಡನ್ನೂ ಇಟ್ಟ. ಒಂದೇ ಫ್ಯಾನಿನದು, ಹನ್ನೆರಡು ಸಾವಿರದ್ದು. ಕೈಯಲ್ಲಿ ಹಿಡಿದು ತೂಗಿದೆ. ಹಗುರ ಇತ್ತು. ನಮ್ಮಲ್ಲಿ ಹಗುರ ಎಂದರೆ ಅಲ್ಯುಮಿನಿಯಂ. ಕೇಳಿದರೆ "ಇಷ್ಟೇ ತೂಕ ಬ್ರದರ್" ಎಂದು ನಕ್ಕು, ಇದನ್ನೆಲ್ಲ ಒಳಗೆ ಕೂಡಿಸುವ ಕ್ಯಾಬಿನೆಟ್ ತರಲು ಹಿಂದಿನ ಗೋದಾಮಿಗೆ ಹೋದ. ಪಕ್ಕದ ಗಾಜಿನ ಕಪಾಟಿನಲ್ಲಿ ಇನ್ನೊಂದು ಕಾರ್ಡ್ ಇತ್ತು. ಮೂರು ಫ್ಯಾನಿನದು, ಮೊಳದುದ್ದ. ತೂಕ ಹೋಲಿಸಿ ನೋಡೋಣ ಎಂದು ಅದನ್ನು ತೆಗೆದೆ. ಭಾರ ಇತ್ತು. ಅದರೊಳಗಿನ ಬಿಸಿ ಎಳೆಯುವ ಪೈಪು ತಾಮ್ರದ ಬಣ್ಣದಲ್ಲಿ ಹೊಳೆಯುತ್ತಿತ್ತು. ಬಣ್ಣ ಹೊಳೆದರೆ ನಾನು ನಂಬುವವನೇ?

ಒಂದು ಸ್ಕ್ರೂವಿನ ಮೇಲೆ ಸಣ್ಣ ಬಿಳಿ ಕಾಗದ ಅಂಟಿಸಿದ್ದರು. ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ನನಗೆ ಅದು ಓದಲು ಬರುವುದಿಲ್ಲ, ಬಂದಿದ್ದರೂ ಬರೆದದ್ದನ್ನು ನಂಬಬಾರದೆಂದೇ ಕಲಿತವನು ನಾನು. ಸ್ಕ್ರೂಡ್ರೈವರನ್ನು ಆ ಕಾಗದದ ಮೂಲಕವೇ ಇಳಿಸಿದೆ. ಆತ ಕ್ಯಾಬಿನೆಟ್ ಹೊತ್ತುಕೊಂಡು ಬರುವಷ್ಟರಲ್ಲಿ ಕಾರ್ಡು ಮೂರು ಭಾಗವಾಗಿ ಮೇಜಿನ ಮೇಲೆ ಮಲಗಿತ್ತು, ಮತ್ತು ನಾನು ಉಗುರಿನಿಂದ ಪೈಪು ಕೆರೆಯುತ್ತಿದ್ದೆ.

ತಾಮ್ರವೇ ಇತ್ತು. ಅಪ್ಪಟ ತಾಮ್ರ. ನನ್ನ ದುಃಖವೆಲ್ಲ ಅದೇ. ಅಲ್ಯುಮಿನಿಯಂ ಇದ್ದಿದ್ದರೆ ಜಗಳ ಆಡಬಹುದಿತ್ತು.

ಆತ ಬೈಯಲಿಲ್ಲ. ಕ್ಯಾಬಿನೆಟ್ ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ಕುಳಿತು ಹಣೆ ಹಿಡಿದುಕೊಂಡ. "ಏನ್ ಮಾಡಿದಿ ಬ್ರದರ್?"

"ತಾಮ್ರ ಐತಿಲ್ಲೋ ನೋಡಿದೆ."

"ಐತೇನು?"

"ಐತ್ರಿ. ಛಲೋ ಮಾಲು."

"ಛಲೋ ಮಾಲು ಅಂತ ನಂಗೂ ಗೊತ್ತೈತಿ. ಆ ಸ್ಟಿಕ್ಕರ್ ಹರಿದರೆ ಗ್ಯಾರಂಟಿ ಹೋಯ್ತು. ಈಗ ಇದನ್ನ ನಾನು ಯಾರಿಗೆ ಮಾರಲಿ, ನೀನೇ ಹೇಳು."

ನಾನು ಹತ್ತು ನಿಮಿಷದಲ್ಲಿ ಅದನ್ನು ಮತ್ತೆ ಕೂಡಿಸಿಕೊಟ್ಟೆ. ಆತ ಅಂಗಡಿಯ ಕಂಪ್ಯೂಟರಿಗೆ ಹಾಕಿ ನೋಡಿದ. ಮೊದಲಿನಂತೆಯೇ ಓಡಿತು. "ಕೈ ಭಾಳ ಛಲೋ ಐತಿ ನಿಂದು," ಅಂದ ಪಾಪ, ನಿಜವಾಗಿಯೇ ಅಂದ. ಆದರೆ ಹರಿದ ಕಾಗದ ಕೂಡಲಿಲ್ಲ. ಓಡಿಹೋಗಬಹುದಿತ್ತು, ಬಾಗಿಲು ತೆರೆದೇ ಇತ್ತು. ಆತ ಬೈದಿದ್ದರೆ ಓಡಿಹೋಗುತ್ತಿದ್ದೆನೇನೋ. ಬೈಯದವನ ಮುಂದೆ ಓಡಲು ಕಾಲು ಬರುವುದಿಲ್ಲ. ಆ ಕಾರ್ಡನ್ನು ನಾನೇ ಕೊಳ್ಳಬೇಕಾಯಿತು, ಆತ ತನ್ನ ಲಾಭ ಬಿಟ್ಟು ಮೂವತ್ತೊಂದು ಸಾವಿರಕ್ಕೆ ಕೊಟ್ಟ. ಬಸ್ಸಿನಲ್ಲಿ ಆ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತೆ. ಪಕ್ಕದ ಅಜ್ಜ "ಏನ್ ತಮ್ಮಾ, ಸೀರಿ ಏನು?" ಎಂದು ಕೇಳಿದ. ಹೌದು ಅಂದೆ.

ಶರಣು ಡಬ್ಬಿ ತೆರೆದು ಕಾರ್ಡನ್ನು ಹೊರಳಿಸಿ ಹೊರಳಿಸಿ ನೋಡಿದ. ಆಮೇಲೆ, "ನನ್ನ ಕಂಪ್ಯೂಟರಿಗೆ ಹಾಕೋಣು, ಇಬ್ರೂ ಆಡೋಣು" ಅಂದ. ಅದು ಅವನ ದೊಡ್ಡತನ. ಕಾರ್ಡಿನದೂ ದೊಡ್ಡತನ. ಅವನ ಪೆಟ್ಟಿಗೆಯ ಒಳಗೆ ಹಿಡಿಸಲೇ ಇಲ್ಲ, ಅರ್ಧ ಹೊರಗೆ ಉಳಿಯಿತು. ಹಿಡಿಸಿದ್ದರೂ ಅದಕ್ಕೆ ಬೇಕಾದಷ್ಟು ಕರೆಂಟು ಆ ಮುದುಕನ ಮೈಯಲ್ಲಿ ಇರಲಿಲ್ಲ. ಮಾರೋಣವೆಂದು ಮೊಬೈಲಿನಲ್ಲಿ ಫೋಟೋ ಹಾಕಿದೆವು. ಫೋನು ಮಾಡಿದವರೆಲ್ಲ ಮೊದಲು ಕೇಳಿದ್ದು ಸ್ಟಿಕ್ಕರನ್ನೇ. ಮುನಿರಾಬಾದಿನವನೊಬ್ಬ ಮಾತ್ರ, "ಐದು ಸಾವಿರಕ್ಕ ಕೊಡ್ತಿದ್ರ ಹೇಳು, ಗೋಡಿಗೆ ಹಾಕ್ಕೋತೀನಿ" ಅಂದ. ಉಸ್ತಾದರಿಗೆ ಹೇಳಿದರೆ ಅವರಿಗೆ ಕಣ್ಣೀರು ಬರುವಷ್ಟು ನಗು. "ಬಿಚ್ಚು ಅಂದಿದ್ದೆ ಬೇಟಾ. ಯಾರದು ಅಂತ ಕೇಳಿ ಬಿಚ್ಚು ಅನ್ನೋದು ಮರತಿದ್ದೆ ನೋಡು."

ಅಮಾವಾಸ್ಯೆ ಬಂತು. ಅವ್ವ ಮಣ್ಣೆತ್ತಿಗೆ ಪೂಜೆ ಮಾಡುವಾಗ ಕಾರ್ಡನ್ನೂ ಪಕ್ಕದಲ್ಲಿ ಇಟ್ಟು ಅರಿಷಿಣ ಕುಂಕುಮ ಹಚ್ಚಿದಳು. ಆಮೇಲೆ ಅದರ ಫ್ಯಾನನ್ನು ಬೆರಳಿನಿಂದ ತಿರುವಿ ನೋಡಿದಳು.

"ಮೂರು ಫ್ಯಾನ್ ಅದಾವು. ಗಾಳಿ ಬರತೈತೇನು?"

"ಬರತೈತಿ. ನಮಗಲ್ಲ, ಅದಕ್ಕ."

"ಮತ್ತ ಏನ್ ಮಾಡತೈತಿ ಇದು?"

"ಕಂಪ್ಯೂಟರಿನ್ಯಾಗ ಹಾಕಿದ್ರ ಚಿತ್ರ ತೋರಸತೈತಿ."

"ಕಂಪ್ಯೂಟರ್ ಎಲ್ಲೈತಿ?"

ನಾನು ಹೋಳಿಗೆ ತಿನ್ನುತ್ತಿದ್ದೆ. ತಿನ್ನುತ್ತಲೇ ಇದ್ದೆ. ಅವ್ವ ಟ್ರಂಕು ತೆರೆದು ಉಳಿದ ಏಳು ಸಾವಿರವನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು. ಆ ತಿಂಗಳು ನನಗೆ ಬೈಯದವರೇ ಗಂಟುಬಿದ್ದಿದ್ದರು.

ಏಳು ಸಾವಿರಕ್ಕೆ ಎಮ್ಮೆಯ ಕಾಲೂ ಬರುವುದಿಲ್ಲ. ಕುರಿ ಬರುತ್ತದೆ. ಅವ್ವನ ತವರು ಕನಕಗಿರಿ ಕಡೆ, ಅಲ್ಲಿಯ ಸಂತೆಯಲ್ಲಿ ಅವಳಿಗೆ ಗುರುತಿನವರಿದ್ದಾರೆ. ನನ್ನನ್ನೂ ಕರೆದುಕೊಂಡು ಹೋದಳು, ಹಗ್ಗ ಹಿಡಿಯಲಿಕ್ಕೆ. ಒಂದು ಎಳೆಯ ಹೆಣ್ಣುಕುರಿಯ ಮುಂದೆ ಕುಳಿತು, ಅದರ ದವಡೆ ಅಗಲಿಸಿ ಹಲ್ಲು ನೋಡಿದಳು. ಕಣ್ಣಿನ ರೆಪ್ಪೆ ಕೆಳಗೆ ಎಳೆದು ಒಳಗಿನ ಕೆಂಪು ನೋಡಿದಳು. ಬಾಲ ಎತ್ತಿದಳು, ಗೊರಸು ಬಿಡಿಸಿದಳು, ಬೆನ್ನಿನ ಉಣ್ಣೆ ಸರಿಸಿ ತೊಗಲು ಕೆರೆದಳು. ಮಾರುವವನು ತಾನೇ ಕುರಿಯ ಬಾಯಿ ಹಿಡಿದು ಕೊಟ್ಟು, "ಛಂದಂಗ ನೋಡ್ಕೋ ಯಕ್ಕಾ, ಬ್ಯಾಡಾದ್ರ ಬಿಟ್ಟು ಹೋಗು, ನೋಡಾಕ ಏನೈತಿ" ಅನ್ನುತ್ತಿದ್ದ. ಅವ್ವ ನನ್ನ ಕಡೆ ತಿರುಗಿದಳು.

"ನೀನೂ ಒಂದೀಟು ಮುಟ್ಟಿ ನೋಡಲೇ. ಕೈಯ್ಯಾಗ ಕಸಬು ಐತಿ ನಿನಗ."

ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಮಾರು ದೂರ ನಿಂತು, ಕಾಣುವ ಒಂದೇ ಕಣ್ಣಿನಿಂದ ಕುರಿಯನ್ನು ನೋಡಿ, ಛಲೋ ಐತಿ ಅಂದೆ.