ಖಾಜಾಮಿಯಾರ ಜೀಪಿನಿಂದ ಹನ್ನೆರಡು ಅಡಿ

ಒಂದು ಕಚೇರಿಯ ತಿಳಿವಳಿಕೆಯೆಲ್ಲ ನಾಲ್ಕು ಜನರ ತಲೆಯೊಳಗೇ ಇದ್ದರೆ ಆ ಕಚೇರಿ ಮುಳುಗಿದ ಹಾಗೆಯೇ ಎಂದು ನಾನು ನಂಬಿದ್ದೆ. ಈಗಲೂ ನಂಬುತ್ತೇನೆ. ಮುಳುಗಿದ್ದು ಮಾತ್ರ ಕಚೇರಿಯಲ್ಲ.

ನಾನು ಔರಾದಿನಲ್ಲಿ ನೀರಿನ ಪೈಪುಗಳನ್ನು ನೋಡಿಕೊಳ್ಳುವ ಎಂಜಿನಿಯರ್. ಮನೆ ಬೀದರಿನ ನೌಬಾದದಲ್ಲಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ನೀರು ಬಿಡಲು, ನಿಲ್ಲಿಸಲು ತಿರುಗಿಸುವ, ನೆಲದಡಿ ಇರುವ ವಾಲ್‌ಗಳು ಎಲ್ಲಿವೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಡೆ ಬೆರಳು ತೋರಿಸುತ್ತಿದ್ದರು. ನನಗೆ ಸಹಿಸಲಾಗಲಿಲ್ಲ. ಟೇಪು ಹಿಡಿದು ಓಣಿ ಓಣಿ ಅಲೆದೆ. ಪ್ರತಿ ವಾಲ್‌ಗೂ ಹತ್ತಿರದ ಕದಲದ ವಸ್ತುವೊಂದರಿಂದ ದೂರ ಅಳೆದು, ಎಲ್ಲವನ್ನೂ ಲ್ಯಾಪ್‌ಟಾಪಿನಲ್ಲಿ ಒಂದು ಪಟ್ಟಿ ಮಾಡಿದೆ. ಅದರಲ್ಲಿ ‘ಶಾಶ್ವತ ಗುರುತು’ ಎಂಬ ಕಾಲಂ ಇತ್ತು. ಅದಕ್ಕೆ ಹಸಿರು ಬಣ್ಣ ಕೊಟ್ಟಿದ್ದೆ.

ನನ್ನ ಹೆಂಡತಿ ಮಹಾನಂದಾ ಹೆಗಲ ಮೇಲಿಂದ ಇಣುಕಿ ನೋಡಿದಳು.

“ಊರಾಗಿನ ವಾಲ್ ಎಲ್ಲಾ ಬರದಿಟ್ಟೀರಿ. ಮತ್ತ ಸ್ಕೂಟರ್ ಕೀಲಿ ಎಲ್ಲದ ಅಂತ ದಿನಾ ನನಗ ಯಾಕ ಕೇಳ್ತೀರಿ?”

“ಅದು ಇನ್ನಾ ಪಟ್ಟಿಗಿ ಸೇರಿಲ್ಲ,” ಎಂದೆ.

ಒಂದು ಓಣಿಯಲ್ಲಿ ಮಾತ್ರ ಕಂಬವಾಗಲಿ ಕಟ್ಟೆಯಾಗಲಿ ಇರಲಿಲ್ಲ. ಇದ್ದದ್ದು ಆ ಓಣಿಯ ಖಾಜಾಮಿಯಾರ ಕೆಟ್ಟು ನಿಂತ ಜೀಪು. ಅದರ ನಾಲ್ಕೂ ಗಾಲಿಗಳು ನೆಲಕ್ಕೆ ಅಂಟಿಕೊಂಡಿದ್ದವು. ಸೀಟಿನಲ್ಲಿ ಕೋಳಿ ಕಾವು ಕೂತಿತ್ತು. ಬಾನೆಟ್ಟಿನ ಸಂದಿಯಿಂದ ಬೇವಿನ ಸಸಿಯೊಂದು ಮೇಲೆದ್ದಿತ್ತು. ಗಿಡ ಬೇರು ಬಿಟ್ಟ ವಸ್ತು ಕದಲುತ್ತದೆಯೇ? ಬರೆದೆ: ‘ಜೀಪಿನ ಹಿಂದಿನ ಎಡಗಾಲಿಯಿಂದ ಎದುರುಮನೆ ಬಾಗಿಲ ಕಡೆಗೆ ಹನ್ನೆರಡು ಅಡಿ.’

ಆಮೇಲೆ ರಸ್ತೆಗಳಿಗೆ ಮುರುಮು ಮಣ್ಣು ಸುರಿದು, ವಾಲ್‌ಗಳ ಮುಚ್ಚಳಗಳೆಲ್ಲ ಅಡಗಿಹೋದವು. ಎಲ್ಲರೂ ಗೊಣಗಿದರು. ನನಗೆ ಒಳಗೊಳಗೇ ಸಂತೋಷ. ಇನ್ನು ನನ್ನ ಪಟ್ಟಿಯೇ ಗತಿ!

ಒಂದು ಬೆಳಿಗ್ಗೆ ಜೀಪಿನ ಎದುರುಮನೆಯ ಶರಣಮ್ಮನವರ ಫೋನು ಬಂತು.

“ಸಾಹೇಬ್ರ, ಪೈಪ್ ಒಡದದರಿ! ಮನಿ ಮುಂದ ಕೆರಿ ಆಗ್ಯಾದ. ನಾಳಿ ನನ್ನ ಮಗಳ ಮದಿವಿ, ಅಡಗಿ ಒಲಿಯಾಗ ನೀರ ಹೊಕ್ಕಾವ್ರಿ!”

“ಗಾಬರಿ ಆಗಬ್ಯಾಡ್ರಿ ಅಮ್ಮಾರ. ಪಟ್ಟಿ ಅದ,” ಎಂದೆ. ಆ ದನಿಯನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಔರಾದಿಗೆ ಹೋಗಿ ಓಣಿಯಲ್ಲಿ ಲ್ಯಾಪ್‌ಟಾಪು ತೆರೆದು, ತಲೆ ಎತ್ತಿ ನೋಡಿದೆ. ಪೆಂಡಾಲಿತ್ತು. ನೀರಿತ್ತು. ಜೀಪಿರಲಿಲ್ಲ.

“ಅಮ್ಮಾರ, ಜೀಪ್ ಎಲ್ಲದ?”

“ನೀರ ನಿಂದರಸ್ರಿ ಅಂದ್ರ ಜೀಪ್ ಕೇಳ್ತೀರಲ್ಲ! ಎಲ್ಲಿಗರೆ ಹೋಗೋರಿದ್ದೀರೇನು?”

ಪೆಂಡಾಲಿಗೆ ಜಾಗ ಸಾಲದೆಂದು ಅವರೇ ಅದನ್ನು ತೆಗೆಸಿದ್ದರು. ಖಾಜಾಮಿಯಾ ಅದನ್ನು ಭಾಲ್ಕಿಯಲ್ಲಿರುವ ತಮ್ಮನ ಗ್ಯಾರೇಜಿಗೆ ಎಳೆಸಿಕೊಂಡು ಹೋಗಿದ್ದರು.

“ಅಲ್ಲಿ ಸ್ಟಾರ್ಟ್ ಸೈತ ಆಗ್ಯಾದಂತ್ರಿ!” ಎಂದರು ಶರಣಮ್ಮ, ಸಂತೋಷದ ಸುದ್ದಿಯೆಂಬಂತೆ.

ಆ ಸಾಧ್ಯತೆಗೆ ನನ್ನ ಪಟ್ಟಿಯಲ್ಲಿ ಅವಕಾಶವಿರಲಿಲ್ಲ.

ಊರಿನ ಮೇಲಿನ ನೀರಿನ ಟಾಕಿಯಲ್ಲೇ ನೀರು ನಿಲ್ಲಿಸಬಹುದಿತ್ತು. ಆದರೆ ಅಂದು ಊರಿಗೆಲ್ಲ ನೀರು ಬಿಡುವ ದಿನ. ಮದುವೆಮನೆಯ ಹಂಡೆಗಳೂ ಇನ್ನೂ ಖಾಲಿ. ಅದಕ್ಕೆ ಅಂದಾಜಿನ ಮೇಲೆ ಅಗೆಸಿದೆ. ಮೊದಲ ಗುಂಡಿಯಲ್ಲಿ ಮಣ್ಣು ಸಿಕ್ಕಿತು. ಎರಡನೆಯದರಲ್ಲಿ ಒಂದು ಕೇಬಲ್ ಸಿಕ್ಕಿತು. ಗುದ್ದಲಿ ತಾಗಿದ ಕೂಡಲೇ ಓಣಿಯ ಟಿ.ವಿ.ಗಳೆಲ್ಲ ಒಮ್ಮೆಲೇ ಮೌನವಾದವು. ಮೂರನೆಯದರಲ್ಲಿ ಪೈಪೇ ಸಿಕ್ಕಿತು. ಅದಕ್ಕೂ ಗುದ್ದಲಿ ತಾಗಿತ್ತು. ಕಾರಂಜಿಗಳು ಎರಡಾದವು!

ವಾಲ್‌ನ ಫೋಟೊ ತೆಗೆದಿರಲಿಲ್ಲವೇ ಎಂದು ನೀವು ಕೇಳಬಹುದು. ತೆಗೆದಿದ್ದೆ. ತೀರ ಹತ್ತಿರದಿಂದ. ಸುತ್ತಲಿನದು ಏನೂ ಬೀಳದಂತೆ.

ಕೊನೆಗೆ ಖಾಜಾಮಿಯಾರಿಗೆ ಫೋನು ಮಾಡಿದೆ.

“ಮಿಯಾರ, ಜೀಪ್ ತಗೊಂಡು ಲಗು ಬರ್ರಿ.”

“ಯಾಕ್ರಿ ಸಾಬ್, ಮೆರವಣಿಗಿಗೇನ್ರಿ?”

“ಅಲ್ರಿ. ಅದರ ಗಾಲಿಯಿಂದ ಹನ್ನೆರಡು ಅಡಿ ಅಳೀಬೇಕು.”



“ಸಾಬ್,” ಎಂದರು ಮೆಲ್ಲಗೆ, “ಬಿಸಲಾಗ ಭಾಳ ತಿರಗಬ್ಯಾಡ್ರಿ.”

ಆದರೂ ಬಂದರು. ಜೀಪು ಹಾರ್ನು ಹೊಡೆಯುತ್ತ ಓಣಿಗೆ ನುಗ್ಗಿತು. ಒಂದು ಕಡೆಯ ಪೆಂಡಾಲು ಬಿಚ್ಚಿಸಿದೆ. ಕುರ್ಚಿ ಎತ್ತಿಸಿದೆ. ಅಷ್ಟು ದೂರದಿಂದ ಅಳತೆಗೋಲನ್ನು ತರಿಸಿದ ಎಂಜಿನಿಯರ್ ಇನ್ನೊಬ್ಬನಿರಲಾರ.

“ಮೊದಲ ಹ್ಯಾಂಗ ನಿಂತಿತ್ತೋ ಹಾಂಗೇ ನಿಂದರಸ್ರಿ,” ಎಂದೆ.

“ಮೂತಿ ನಮ್ಮ ಬಾಗಲ ಕಡಿ ಇತ್ತು,” ಎಂದರು ಶರಣಮ್ಮ.

“ನಹೀಂ ಅಮ್ಮಾ, ಮೂತಿ ರಸ್ತಾದ ಕಡಿ. ನನ್ನ ಗಾಡಿ ಮೂತಿ ನನಗ ಗೊತ್ತಿಲ್ಲೇನು?”

“ನಿಮ್ಮ ಗಾಡಿ ಇರಬೌದು ಖಾಜಾಭಾಯಿ. ದಿನಾ ಬೆಳಗ್ಗೆದ್ದು ಅದರ ಮಾರಿ ನೋಡದಾಕಿ ನಾ!”

ಇಬ್ಬರೂ ನನ್ನ ಕಡೆ ತಿರುಗಿದರು. ಪಟ್ಟಿಯಲ್ಲಿ ಗಾಲಿಯ ಹೆಸರಿತ್ತು, ಮೂತಿಯ ದಿಕ್ಕಿರಲಿಲ್ಲ. “ಎರಡೂ ಥರಾ ನಿಲ್ಲಿಸಿ ನೋಡಮು,” ಎಂದೆ.

ಖಾಜಾಮಿಯಾ ಜೀಪು ತಿರುಗಿಸಲು ಹಿಂದಕ್ಕೆ ಸರಿಸಿದರು. ಹಿಂದಿನ ಗಾಲಿ ಹಸಿ ಮುರುಮಿನಲ್ಲಿ ಮೆಲ್ಲಗೆ ಇಳಿಯಿತು. ಇನ್ನೂ ಇಳಿಯಿತು. ‘ಟಣ್’ ಎಂದಿತು. ಎಂಜಿನ್ ಒಮ್ಮೆ ಕೆಮ್ಮಿ ನಿಂತಿತು.

ನಾನು ಕೆಸರಿನಲ್ಲಿ ಮೊಣಕಾಲೂರಿ ಬಗ್ಗಿ ನೋಡಿದೆ. ಗಾಲಿಯ ಕೆಳಗೆ ದುಂಡನೆಯ ಕಬ್ಬಿಣದ ಅಂಚೊಂದು ಹೊಳೆಯುತ್ತಿತ್ತು.

“ಸಿಕ್ಕಿತು!” ಎಂದು ಕೂಗಿದೆ. “ವಾಲ್ ಸಿಕ್ಕಿತು! ಗಾಡಿ ತಗೀರಿ!”

ಖಾಜಾಮಿಯಾ ಕೀಲಿ ತಿರುಗಿಸಿದರು. ಮತ್ತೆ ತಿರುಗಿಸಿದರು. ಬೀಗರು ನೂಕಿದರು, ಪೆಂಡಾಲಿನವರು ನೂಕಿದರು, ಅರಿಸಿನ ಹಚ್ಚಿಕೊಂಡ ಮದುಮಗಳೂ ಕೈ ಹಚ್ಚಲು ಬಂದಳು. ಶರಣಮ್ಮ ಗದರಿ ಒಳಗೆ ಕಳಿಸಿದರು. ಜೀಪು ಕದಲಲಿಲ್ಲ. ಕದಲದ ವಸ್ತುವೆಂದು ನಾನೇ ಬರೆದಿದ್ದೆನಲ್ಲ!

ಕೊನೆಗೆ ಟಾಕಿಯಲ್ಲೇ ನೀರು ಬಂದ್ ಮಾಡಿಸಿದೆ. ಊರೆಲ್ಲ ಒಣಗಿತು. ಪೈಪಿನ ಎರಡೂ ಗಾಯಗಳಿಗೆ ಪಟ್ಟಿ ಬಿತ್ತು. ಹಂಡೆಗಳಿಗೆ ನೀರು ಟ್ಯಾಂಕರಿನಲ್ಲಿ ಬಂತು. ಪೆಂಡಾಲನ್ನು ಜೀಪಿನ ಸುತ್ತಲೇ ಮತ್ತೆ ಕಟ್ಟಿದರು. ಮರುದಿನ ಮದುವೆ ಸುಸೂತ್ರವಾಗಿ ಆಯಿತು. ಅಡುಗೆಯವರು ಬಾನೆಟ್ಟಿನ ಮೇಲೆ ಹೋಳಿಗೆ ಆರಹಾಕಿದ್ದರು.

ಊಟಕ್ಕೆ ಕೂತಾಗ ಶರಣಮ್ಮ ತಾವೇ ತುಪ್ಪ ಬಡಿಸಿದರು. ಸ್ನಾನವಿಲ್ಲದೆ ಬಂದಿದ್ದ ಊರವರಿಗೆಲ್ಲ ಕೇಳುವ ಹಾಗೆ, “ಇವ್ರೇ ನೋಡ್ರಿ, ಜೀಪ್ ತರಿಸಿದ ಸಾಹೇಬ್ರು!” ಎಂದರು. ನಾನು ಎಲೆಯಿಂದ ತಲೆ ಎತ್ತಲಿಲ್ಲ.

ಜೀಪು ಈಗಲೂ ಅಲ್ಲೇ ಇದೆ. ಅದು ಇರುವವರೆಗೆ ವಾಲ್ ತಿರುಗಿಸಲಾಗದು; ಅದು ಹೋದರೆ ವಾಲ್ ಸಿಗದು. ಮನೆಗೆ ಬಂದು ಪಟ್ಟಿ ತಿದ್ದಿದೆ. ಶಾಶ್ವತ ಗುರುತು: ಜೀಪು. ದೂರ: ಸೊನ್ನೆ.

ಮಹಾನಂದಾ ಮತ್ತೆ ಹೆಗಲ ಮೇಲಿಂದ ಇಣುಕಿದಳು.

“ರೀ, ಶರಣಮ್ಮನೋರ ಗೋಡಿ ಮ್ಯಾಲ ಬಣ್ಣದಾಗ ಒಂದು ಬಾಣದ ಗುರ್ತ ಹಾಕಿದ್ರ ಆಗ್ತಿರಲಿಲ್ಲೇನು?”

 ಆಗುತ್ತಿತ್ತು.

“ಅದಕ್ಕ ಕಾಲಂ ಇರಲಿಲ್ಲ,” ಎಂದೆ.