ಮಾಮಾ, ದಾರ ಮತ್ತು ಇಪ್ಪತ್ತೆರಡರ ಕೆಳಗೆ ಏಳು

ನಮ್ಮ ಮಾಮಾ ಈ ಭೂಮಿಯ ಮೇಲೆ ಯಾರನ್ನೂ ನಂಬುವವರಲ್ಲ, ಇಪ್ಪತ್ತೆರಡರ ಕೆಳಗೆ ಏಳು ಎಂಬ ‘ಪೈ’ ಲೆಕ್ಕವೊಂದನ್ನು ಬಿಟ್ಟು! ಅದನ್ನಾದರೂ ಪೂರ್ತಿ ನಂಬಿದ್ದರೇ? "ಅದೂ ಅಂದಾಜ ಐತಿ" ಎಂದು ಮುಖ ಸಣ್ಣಗೆ ಮಾಡುತ್ತಿದ್ದರು.

ಅವರು ನನ್ನ ಅವ್ವನ ಅಣ್ಣ, ಧಾರವಾಡದಿಂದ ನಾಗಪುರಕ್ಕೆ ಬಂದು, ಬುಟಿಬೋರಿಯ ಕಾರ್ಖಾನೆಯೊಂದರಲ್ಲಿ ಪೈಪುಗಳ ಅಳತೆ ನೋಡುವ ಕೆಲಸ ಹಿಡಿದವರು. ಕೆಲಸ ಸಂಜೆಗೆ ಮುಗಿಯುತ್ತಿತ್ತು, ಅಳತೆ ಮುಗಿಯುತ್ತಿರಲಿಲ್ಲ. ಅಂಗಿಯ ಜೇಬಿನಲ್ಲಿ ಸದಾ ಒಂದು ಬಿಳಿ ದಾರ. ದುಂಡಗಿರುವುದು ಏನು ಕಂಡರೂ ಸುತ್ತಲೂ ದಾರ ಸುತ್ತಿ, ಉದ್ದ ನೋಡಿ, ಏಳರಿಂದ ಗುಣಿಸಿ ಇಪ್ಪತ್ತೆರಡರಿಂದ ಭಾಗಿಸಿ, ಅಡ್ಡಳತೆ ಇಷ್ಟೇ ಎಂದು ಸಾರಿಬಿಡುವುದು!

ಒಮ್ಮೆ ಕಳಮನಾ ಮಾರುಕಟ್ಟೆಯಲ್ಲಿ ಕಲ್ಲಂಗಡಿಯ ಹೊಟ್ಟೆಗೆ ದಾರ ಸುತ್ತಿದರು. ಅದು ಫ್ರಿಜ್ಜಿನೊಳಗೆ ಹಿಡಿಸುತ್ತದೋ ಇಲ್ಲವೋ ಎಂಬ ಚಿಂತೆ. ಹಣ್ಣು ಕೊಳ್ಳುತ್ತೀರೋ, ಅದಕ್ಕೆ ಅಂಗಿ ಹೊಲಿಸುತ್ತೀರೋ ಎಂದು ವ್ಯಾಪಾರಿ ಕೇಳಿಯೇಬಿಟ್ಟ. ನಾನು ನಾಚಿ ನೀರಾದೆ. ಮಾಮಾ ಮಾತ್ರ ಗಂಭೀರ.

"ಕೊಯ್ಯದ ಒಳಗಿಂದು ತಿಳೀಬೇಕಂದ್ರ ಸುತ್ತ ಹಾಕಬೇಕವಾ."

ಇಂಥ ಮಾಮಾ, ನಾನು ಚೊಚ್ಚಲ ಬಸುರಿಯಾದಾಗ ಸುಮ್ಮನಿರುತ್ತಾರೆಯೇ? ಆಗಿನ್ನೂ ಖಾಲಿ ಸೈಟುಗಳೇ ಹೆಚ್ಚಿದ್ದ ಮನೀಶ್ ನಗರದ ನಮ್ಮ ಮನೆಗೆ ಪ್ರತಿ ಭಾನುವಾರ ಸ್ಕೂಟರಿನಲ್ಲಿ ಬಂದು, ಚಹಾಕ್ಕೂ ಮೊದಲು ನನ್ನ ಮಣಿಕಟ್ಟಿಗೆ ದಾರ ಸುತ್ತುತ್ತಿದ್ದರು. ಏಳನೇ ತಿಂಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ತವರಿನ ಹಸಿರು ಬಳೆ ತರುವುದು ಅವರ ಪಾಲಿಗೆ ಬಂದಿತ್ತು.

"ಹೋದ ವಾರ ಅಳದೀರಲ್ಲ, ಮಾಮಾ?"

"ಸರಾಸರಿ ಬೇಕವಾ!"

ದಾರದಲ್ಲಿ ಒಂದು ಗಂಟು ಹಾಕಿ, ಹಳೆಯ ಗಂಟುಗಳ ಪಕ್ಕ ಹಿಡಿದು ನೋಡಿ ಹುಬ್ಬು ಗಂಟಿಕ್ಕುವರು. ಬಸುರಿಗೆ ಮೊದಲೇ ನೂರೆಂಟು ದಿಗಿಲು, ಅದರ ಮೇಲೆ ಈ ಹುಬ್ಬು! ಏನಾಯಿತೆಂದು ಕೇಳಿದರೆ, "ಏನಿಲ್ಲ, ಚಹಾ ತಾ" ಎಂಬ ಉತ್ತರ.

ಕುಬಸದ ದಿನ ಬಂತು. ಮಾಮಾ ತಂದ ಬಳೆಗಳು ನನ್ನ ಬೆರಳ ಗೆಣ್ಣಿನ ಹತ್ತಿರವೇ ನಿಂತವು. ಒತ್ತಿದರೆ ಟಳ್ ಎಂದು ಎರಡು ಒಡೆದವು. ಹೆಂಗಸರು ಮುಖ ಮುಖ ನೋಡಿಕೊಂಡರು.

"ಕಾಕಾ, ಬಾಂಗಡಿ ಮನಗಟಾವರ ಉಗವತ ನಾಹೀ!" ಎಂದಳು ಬಳೆ ತೊಡಿಸಲು ಬಂದ ಮರಾಠಿಯವಳು. ಬಳೆಯೇನು ಮಣಿಕಟ್ಟಿನ ಮೇಲೆ ಮೊಳೆಯುತ್ತದೆಯೇ, ಅಂಗೈ ದಾಟಿ ಬರಬೇಡವೇ! ಮಾಮಾನ ಲೆಕ್ಕ ಕರಾರುವಾಕ್ಕಾಗಿತ್ತು. ನಡುವೆ ಕೈಯೊಂದಿದೆ ಎಂಬುದನ್ನೇ ಮರೆತಿದ್ದರು!

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳ ಬುಟ್ಟಿಯ ದೊಡ್ಡ ಬಳೆಗಳು ಸಲೀಸಾಗಿ ಏರಿದವು. ಮಾಮಾ ಮಾತ್ರ ನಗದೆ ಎದ್ದು ಬಾಗಿಲಾಚೆ ನಿಂತರು.

"ಅತ್ತಿ, ಮಾಮಾಗ ಬ್ಯಾಸರ ಆತೇನು?" ಎಂದು ಪಕ್ಕದಲ್ಲಿದ್ದ ಮಾಮಾನ ಹೆಂಡತಿಯನ್ನು ಕೇಳಿದೆ.

ಅತ್ತೆ ನನ್ನ ಕಿವಿಯ ಹತ್ತಿರ ಬಗ್ಗಿದರು. "ನಂಗೂ ಏಳನೇ ತಿಂಗಳದಾಗ ಕೈ ಬಾತು ಬಳಿ ಬಿಗಿ ಆಗಿದ್ವು, ಯವ್ವಾ. ನಿಮ್ಮ ಮಾಮಾಗ ಹೇಳಿದೆ. 'ತವರಿನ ತುಪ್ಪ ಚಲೋ ಹತ್ತೇತಿ' ಅಂತ ನಕ್ಕಬಿಟ್ರು. ಅದು ಬೀಪಿ ಬಾವು ಇತ್ತು, ಡಾಕ್ಟರ ಕಡೆ ಹೋಗೂದ್ರಾಗ ತಡ ಆಗಿತ್ತು. ಕೂಸು ಉಳೀಲಿಲ್ಲ. ಅವತ್ತಿಂದ ನಗೂದು ಬಿಟ್ಟು ಅಳಿಯೂದು ಹಿಡದಾರ."

ಅತ್ತೆಯ ಮಡಿಲು ಯಾಕೆ ಬರಿದಾಗಿತ್ತೆಂದು ನಾನೆಂದೂ ಕೇಳಿರಲಿಲ್ಲ. ಭಾನುವಾರಗಳೆಲ್ಲ ಒಮ್ಮೆಲೇ ನೆನಪಾದವು. ಬಳೆಯೊಂದು ನೆಪ. ಬಾಯಿಬಿಟ್ಟು ಕೇಳಲಾರದೆ ಮಾಮಾ ವಾರವಾರವೂ ಸುತ್ತ ಹಾಕುತ್ತಿದ್ದರು.

"ಮಾಮಾ, ಈ ವಾರದ್ದು ಅಳತಿ ಆಗಿಲ್ಲ, ಬರ್ರಿ" ಎಂದು ಕರೆದೆ.

ಬಂದು ಮಣೆಯ ಪಕ್ಕ ಕುಳಿತರು. ಹಸಿರು ಬಳೆಗಳನ್ನು ಮೊಣಕೈಯತ್ತ ಸರಿಸಿ ದಾರ ಸುತ್ತಿದರು. ಇಷ್ಟು ವಾರಗಳ ಗಂಟುಗಳೆಲ್ಲ ಒಂದಕ್ಕೊಂದು ಅಂಟಿಕೊಂಡೇ ಇದ್ದವು.

"ಹೋದ ವಾರದಷ್ಟ ಐತಿ, ಯವ್ವಾ" ಎಂದರು ಮಾಮಾ. ಆ ದಿನ ಏನನ್ನೂ ಭಾಗಿಸಲಿಲ್ಲ. ನನ್ನ ಕೈ ಹಿಡಿದುಕೊಂಡು, ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು.