ಮಿದುಳಿನ ಸುಕ್ಕು, ಅಜ್ಜಿಯ ಕೌದಿ

ಮಿದುಳಿನ ಪಾಠ ಬಂತಂದ್ರ ನನ್ನ ತಲಿಗಿ ಕೆಲಸ ಬಂತಂತಲೇ ಲೆಕ್ಕ. ಕರಜಗಿ ಕಡೆ ಹೈಸ್ಕೂಲಿನಾಗ ವಿಜ್ಞಾನ ಕಲಿಸ್ತೇನಿ. ವರ್ಷಾ ಏನರೆ ಒಂದು ಆಗೇ ತೀರ್ತದ. ಈ ವರ್ಷದ್ದು ಕೇಳ್ರಿ.

ಎಣ್ಣಿ

“ಮಿದುಳಿನ ಮ್ಯಾಲ ಸುಕ್ಕು ಇರ್ತಾವ” ಅಂತ ಕ್ಲಾಸಿನಾಗ ಹೇಳಿದ್ದೆ. ಮರುದಿನ ಒಬ್ಬ ಹುಡುಗ ತಲಿಯಿಂದ ಎಣ್ಣಿ ಸುರಿಸ್ಕೊಂತ ಬಂದ. ಹಿಂದೇ ಅವನ ಅಜ್ಜಿ.

“ಟೀಚರ್, ಇನ್ನಾ ಎಳೀ ಕೂಸದ. ಈಗೇ ಮಿದುಳು ಸುಕ್ಕಾದ್ರ ಮದುವಿ ಹೊತ್ತಿಗಿ ಏನ್ ಉಳಿತದ್ರಿ? ಸುಕ್ಕು ಹೋಗ್ಲಂತ ಎಣ್ಣಿ ತಿಕ್ಕೇನಿ.”

“ಸುಕ್ಕು ಇರೋದೇ ಛಲೋ ಅಮ್ಮ. ದೊಡ್ಡ ಕೌದಿ ಮಡಚಿದ್ರೇ ಟ್ರಂಕಿನಾಗ ಹಿಡಿತದಲ್ಲ, ಮಿದುಳೂ ಹಂಗ ಮಡಚ್ಕೊಂಡೇ ತಲಿಬುರಡಿಯಾಗ ಕುಂತಿರ್ತದ.”

ಅಜ್ಜಿ ತಲಿ ಆಡಿಸಿದ್ಳು. ಆದ್ರೂ ಎಣ್ಣಿ ಬಾಟ್ಲಿ ನನ್ನ ಟೇಬಲ್ ಮ್ಯಾಲ ಇಟ್ಟು ಹೋದ್ಳು, “ನಿಮಗೂ ಬೇಕಾಗ್ತದ” ಅಂತ.

ರೊಟ್ಟಿ ತಟ್ಟೋ ಕೈ

ನಮ್ಮ ಹೆಡ್‌ಮಾಸ್ತರ್ರಿಗೆ ವಿಜ್ಞಾನದ ಕೋಣಿ ಮ್ಯಾಲ ಕಣ್ಣು. ಮುರಿದ ಬೆಂಚು ಒಟ್ಟಾಕ ಅದೇ ಬೇಕಂತ. “ಅಫಜಲಪುರದ ವಿಜ್ಞಾನ ಮೇಳದಾಗ ಫಸ್ಟ್ ಬರ್ರಿ, ಇಲ್ಲಾಂದ್ರ ಕೋಣಿ ಕೀಲಿ ಕೊಡ್ರಿ” ಅಂದ್ರು. ಆ ಕೋಣಿ ಅಂದ್ರ ನನಗ ಜೀವ. ಗೋದಿ ಹಿಟ್ಟು ನಾದಿ, ಒಂದೊಂದು ಮಡಿಕಿನೂ ಬೆರಳಿಲೇ ತೀಡಿ ಮಿದುಳು ಮಾಡಿದೆ. ಮೇಳದಾಗ ಟೇಬಲ್ ಮ್ಯಾಲ ಇಟ್ಟು, ನೀರು ಕುಡದು ಬರೋದ್ರಾಗ ಅದು ಬೋಳು ಗುಂಡಾಗಿತ್ತು. ಬಾಜೂಕ ಹೆಡ್‌ಮಾಸ್ತರ್ರು ಕೈ ಒರಸ್ಕೊಳ್ಳಾಕತ್ತಿದ್ರು.

“ಭಾಳ ಒರಟಾಗಿತ್ತರಿ ಟೀಚರ್. ನಾನೇ ಸಾಫ್ ತಟ್ಟೇನಿ. ರೊಟ್ಟಿ ತಟ್ಟೋದ್ರಾಗ ನನ್ನ ಕೈ ಭಾರೀ ಛಲೋ ಅಂತ ಮನ್ಯಾಗೂ ಅಂತಾರ.”

ನನಗ ಸಿಟ್ಟು ನೆತ್ತಿಗೇರ್ತು. ಅವರ ಮನ್ಯಾಗ ರೊಟ್ಟಿ ತಟ್ಟೋರು ಯಾರಂತ ಮಾತ್ರ ಅವತ್ತು ಇಡೀ ತಾಲೂಕಿಗೇ ಗೊತ್ತಾಯ್ತು.

ಬಕೀಟು

ಅಷ್ಟ್ರಾಗ ತೀರ್ಪುಗಾರ್ರು ಬಂದೇ ಬಿಟ್ರು. ಮೊಮ್ಮಗನ ಶಾಲಿ ಗೆಲ್ಲೋದು ನೋಡಾಕ ಬಂದಿದ್ದ ಅಜ್ಜಿ ಅಲ್ಲೇ ಕೌದಿ ಹಾಸ್ಕೊಂಡು ಕುಂತಿದ್ಳು. ಆಕೀನ್ನ ಎಬ್ಬಿಸಿ ಕೌದಿ ಎಳಕೊಂಡೆ, ಒಂದು ಖಾಲಿ ಬಕೀಟು ತಂದೆ.

“ಸರ್, ಬಕೀಟು ತಲಿಬುರಡಿ, ಕೌದಿ ಮಿದುಳಿನ ಮೇಲ್ಪದರ. ಮಡಚದಂಗ ಒಳಗ ಹಾಕ್ರಿ.”

ಅವರು ಬೆವರು ಸುರಿಸಿದ್ರು, ಆಗ್ಲಿಲ್ಲ. “ಮಡಚ್ರಿ ಸಾಹೇಬ್ರ” ಅಂದ್ಳು ಅಜ್ಜಿ. ಮಡಚಿದ್ರು, ಪೂರ್ತಿ ಹಿಡೀತು. ಫಸ್ಟ್ ಪ್ರೈಜ್ ನಮಗೇ ಬಂತು.

ನಾ ಕೀಲಿ ಸೊಂಟಕ್ಕ ಸಿಗಿಸ್ಕೊಂಡು ಎದಿ ಉಬ್ಬಿಸಿ ನಿಂತೆ. ಹೆಡ್‌ಮಾಸ್ತರ್ರು ಫೋಟೋಕ್ಕ ಎಲ್ಲರಕಿಂತ ಮುಂದ ಬಂದ್ರು.

“ನಾ ಸಾಫ್ ತಟ್ಟಿದ್ದಕ್ಕೇ ಟೀಚರಿಗಿ ಇದು ಹೊಳೀತು ನೋಡ್ರಿ.”

ಅಜ್ಜಿ ಕೌದಿ ಝಾಡಿಸ್ಕೊಂತ ಅವರ ತಲಿ ಒಮ್ಮೆ ನೋಡಿದ್ಳು. ಆಮ್ಯಾಲ ಎಲ್ಲರಿಗೂ ಕೇಳೋಹಂಗ ಅಂದ್ಳು:

“ಟೀಚರ್, ಸುಕ್ಕು ಹೋಗೋ ಎಣ್ಣಿ ನಂದು ವಾಪಸ್ ಕೊಡ್ರಿ. ಸುಕ್ಕು ಬರೋ ಎಣ್ಣಿ ಎಲ್ಲರೆ ಸಿಕ್ರ, ಇವರಿಗಿ ಹಚ್ಚೂಣು.”